ಗಟ್ಟಿ ಕ್ಲಿಯರ್ ಕೋಟ್‌ನ ಸುಳಿ ಗೀರು: ನಾನು ತೆಗೆದ ಬಗೆ

ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರವೇ ಕ್ಲಿಯರ್ ಕೋಟ್. ಅದು ಗಟ್ಟಿ ಇರುವ ಕಾರಿನಲ್ಲಿ ಸುಳಿ ಗೀರು, ಅಂದರೆ ಬೆಳಕಿನ ಸುತ್ತ ಬಲೆಯಂತೆ ಕಾಣುವ ಸಣ್ಣ ಗೀರು, ಹೋಗುತ್ತಿಲ್ಲ ಅಂದಾಗ ಹೆಚ್ಚಿನವರು ಮೊದಲು ಬದಲಾಯಿಸುವುದು ಕಾಂಪೌಂಡನ್ನು, ಅಂದರೆ ಪೇಂಟನ್ನು ಉಜ್ಜಿ ಸವೆಸುವ ಕಣಗಳಿರುವ ದ್ರವವನ್ನು. ಇದು ಸಾಲದು, ಇನ್ನೂ ಒರಟಾದ್ದು ಬೇಕು ಅಂತ ಒಂದರ ಹಿಂದೆ ಒಂದು ಬಾಟಲಿ ತರುತ್ತಾರೆ. ನನ್ನ ಅನುಭವ ಬೇರೆ. ಅಂಥ ಪೇಂಟಿನಲ್ಲಿ ಗೀರು ಹೋಗುವುದು, ಹೋಗದಿರುವುದು ಪ್ಯಾಡ್, ಅಂದರೆ ಪಾಲಿಶ್ ಮೆಷೀನಿಗೆ ಹಾಕುವ ಮೆತ್ತೆಯ ಮೇಲೆ ನಿಂತಿದೆ. ಪ್ಯಾಡ್ ಯಾವ ಬಗೆಯದು, ಎಷ್ಟು ಚೊಕ್ಕಟವಾಗಿದೆ, ಒತ್ತಿ ಹಿಡಿದಾಗಲೂ ತಿರುಗುತ್ತಿದೆಯಾ ಅನ್ನುವುದನ್ನು ನೋಡಿಕೊಂಡ ಮೇಲೆ ನನಗೆ ಹೊಸ ಬಾಟಲಿ ಬೇಕಾಗಲಿಲ್ಲ.

ನನ್ನದು ಕಪ್ಪು ಬಣ್ಣದ ಜರ್ಮನ್ ಕಾರು. ಆಡಿ, ಮರ್ಸಿಡಿಸ್ ಕಾರುಗಳ ಕ್ಲಿಯರ್ ಗಟ್ಟಿ, ಹೋಂಡಾ, ಸುಬರು ಕಾರುಗಳದ್ದು ಮೆದು ಅಂತ ಪಾಲಿಶ್ ಮಾಡುವವರೆಲ್ಲ ಹೇಳುತ್ತಾರೆ. ಮರ್ಸಿಡಿಸ್‌ನವರು 2003ರ ಕೊನೆಯಲ್ಲಿ ಸೆರಾಮಿಕ್‌ನ ಅತಿ ಸಣ್ಣ ಕಣ ಸೇರಿಸಿದ ಕ್ಲಿಯರ್ ಕೋಟ್ ತಂದರು. ಗಟ್ಟಿ ಪೇಂಟಿನ ಮಾತು ಬಂದಾಗೆಲ್ಲ ಅದರ ಹೆಸರು ಬರುತ್ತದೆ. ಆದರೆ ಬರೀ ಬ್ರ್ಯಾಂಡ್ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಒಂದೇ ಕಾರಿನಲ್ಲಿ ಮತ್ತೆ ಪೇಂಟ್ ಹೊಡೆಸಿದ ಡೋರ್ ಇದ್ದರೆ ಅದು ಪಕ್ಕದ ಡೋರ್‌ಗಿಂತ ಪೂರ್ತಿ ಬೇರೆ ಥರ ನಡೆದುಕೊಳ್ಳುತ್ತದೆ.

ಗಟ್ಟಿ ಕ್ಲಿಯರ್‌ಗೆ ಬೇಗ ಗೀರು ಬೀಳುವುದಿಲ್ಲ. ಬಿದ್ದದ್ದು ಬೇಗ ಹೋಗುವುದೂ ಇಲ್ಲ. ಅಷ್ಟಾದರೂ ಕೆಲವು ವರ್ಷ ದೂಳು ಕೂತ ಮೈಯನ್ನು ಒಣ ಬಟ್ಟೆಯಿಂದ ಒರೆಸಿದರೆ, ಬ್ರಷ್ ತಿರುಗುವ ಮೆಷೀನ್ ವಾಷ್‌ಗೆ ಬಿಟ್ಟರೆ ಗೀರು ತುಂಬಿಕೊಳ್ಳುತ್ತದೆ. ಬಾನೆಟ್ ಮೇಲೆ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಕಾಣುವುದು ಅದೇ. ನಿಜಕ್ಕೂ ಆ ಗೀರುಗಳು ಸುತ್ತು ಸುತ್ತಾಗಿ ಇರುವುದಿಲ್ಲ. ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕಿಗೆ ಅಡ್ಡಲಾಗಿ ಇರುವವು ಮಾತ್ರ ಮಿನುಗುತ್ತವೆ, ಅದಕ್ಕೇ ಟಾರ್ಚ್ ಸರಿಸಿದರೆ ಸುಳಿಯೂ ಜೊತೆಗೆ ಸರಿಯುತ್ತದೆ.

ಪಾಲಿಶ್ ಮಾಡುವಾಗ ಈ ಗೀರನ್ನು ತುಂಬಿಸುವುದಿಲ್ಲ. ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರನ್ನೇ ಸವೆಸುತ್ತೇವೆ. ಫ್ಯಾಕ್ಟರಿ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಹಾಗಾಗಿ ಶುರು ಮಾಡುವ ಮೊದಲು ಥಿಕ್‌ನೆಸ್ ಗೇಜ್ ಇಟ್ಟು ಪ್ರತಿ ಪ್ಯಾನೆಲ್ ಅಳೆದುಕೊಂಡೆ. ಗೇಜ್ ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿದ ದಪ್ಪ ಅನ್ನುವುದು ನೆನಪಿರಲಿ. ನನ್ನ ಬಾನೆಟ್ 120 ಮೈಕ್ರಾನ್ ಆಸುಪಾಸು ಇತ್ತು. ಎಲ್ಲೋ ಒಂದು ಕಡೆ ಮಾತ್ರ ತೀರಾ ಕಡಿಮೆ ಬಂದರೆ ಅಲ್ಲಿ ಯಾರೋ ಆಗಲೇ ಉಜ್ಜಿದ್ದಾರೆ ಅಂತ ಅರ್ಥ. ಅಂಥ ಕಡೆ ಜೋರಾಗಿ ಉಜ್ಜುವುದು ಬೇಡ.

ತೊಳೆಯುವುದು, ಐರನ್ ರಿಮೂವರ್ (ಅಂಟಿದ ಕಬ್ಬಿಣದ ಕಣ ಕರಗಿಸುವ ದ್ರವ) ಹೊಡೆಯುವುದು, ಕ್ಲೇ (ಅಂಟಿದ ಕೊಳೆ ಎಳೆದು ತೆಗೆಯುವ ಜೇಡಿಯಂಥ ಮುದ್ದೆ) ಹಾಕುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಮಾಡಲೇಬೇಕು, ಇಲ್ಲದಿದ್ದರೆ ಪೇಂಟಿಗೆ ಅಂಟಿಕೊಂಡ ಕಣ ಪ್ಯಾಡ್‌ಗೆ ಸಿಕ್ಕಿ ಹೊಸ ಗೀರು ಎಳೆಯುತ್ತದೆ. ಆಮೇಲೆ ರಬ್ಬರ್ ಬೀಡಿಂಗ್, ಒರಟು ಪ್ಲಾಸ್ಟಿಕ್, ಚೂಪಾದ ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕಿದೆ. ಅಂಚಿನಲ್ಲಿ ಪೇಂಟ್ ತೆಳು, ಮೆಷೀನಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಬಣ್ಣ ಕಿತ್ತು ಬರುವುದು ಹೆಚ್ಚಾಗಿ ಅಲ್ಲಿಯೇ.

ಇನ್ನು ಟೆಸ್ಟ್ ಸ್ಪಾಟ್. ಬಾನೆಟ್ ಮಧ್ಯೆ 40 ಸೆಂ.ಮೀ. ಉದ್ದ, ಅಷ್ಟೇ ಅಗಲದ ಚೌಕವೊಂದನ್ನು ಟೇಪಿನಿಂದ ಗುರುತು ಮಾಡಿಕೊಂಡೆ. ಮೆಷೀನ್ ಡಿಎ ಪಾಲಿಶರ್, ಅಂದರೆ ಪ್ಯಾಡ್ ಅಲುಗುತ್ತಲೂ ತಿರುಗುತ್ತಲೂ ಹೋಗುವಂಥದ್ದು. ಅದರ ಥ್ರೋ, ಅಂದರೆ ಅಲುಗಾಟದ ಅಗಲ, 15 ಮಿ.ಮೀ. ಮೊದಲು ಮೆದು ದಾರಿ: ಫೋಮ್ ಪಾಲಿಶಿಂಗ್ ಪ್ಯಾಡ್, ಮೆಗ್ವಾಯರ್ಸ್ ಎಂ205 ಅನ್ನುವ ನಯವಾದ ಪಾಲಿಶ್. ಹೊಳಪು ಬಂತು, ಗೀರು ಇದ್ದಲ್ಲೇ ಇತ್ತು. ಮುಂದೆ ಫೋಮ್ ಕಟಿಂಗ್ ಪ್ಯಾಡ್, ಮೆಗ್ವಾಯರ್ಸ್ ಎಂ105 ಅನ್ನುವ ಒರಟು ಕಾಂಪೌಂಡ್. ಸಣ್ಣ ಗೀರು ಹೋಯಿತು, ಟಾರ್ಚ್ ಹಿಡಿದರೆ ಅರ್ಧದಷ್ಟು ಇನ್ನೂ ಕಾಣುತ್ತಿತ್ತು. ಆಮೇಲೆ ಅದೇ ಎಂ105, ಅದೇ ಸ್ಪೀಡ್, ಅದೇ ಕೈ. ಪ್ಯಾಡ್ ಮಾತ್ರ ಮೈಕ್ರೋಫೈಬರ್ ಕಟಿಂಗ್ ಪ್ಯಾಡ್. ಒರೆಸಿ ನೋಡಿದರೆ ಚೌಕದೊಳಗೆ ಬಲೆ ಇಲ್ಲ. ಆಳವಾದ ಒಂದೆರಡು ಗೆರೆ ಬಿಟ್ಟರೆ ಕಪ್ಪು ಕಪ್ಪಾಗಿಯೇ ಕಂಡಿತು.

ಕಾರಣ ಹೀಗೆ. ಫೋಮ್‌ನಲ್ಲಿ ಕತ್ತರಿಸುವ ಕೆಲಸವೆಲ್ಲ ಕಾಂಪೌಂಡ್‌ನ ಕಣಗಳದ್ದೇ. ಮೈಕ್ರೋಫೈಬರ್‌ನಲ್ಲಿ ಸಾವಿರಾರು ಎಳೆಗಳು ಆ ಕಣಗಳನ್ನು ಹಿಡಿದು ಪೇಂಟಿಗೆ ಉಜ್ಜುತ್ತವೆ, ಎಳೆಗಳೂ ತಾವೇ ಸ್ವಲ್ಪ ಕತ್ತರಿಸುತ್ತವೆ. ಮೆದು ಪೇಂಟಿಗೆ ಇದು ಅತಿಯಾಗುತ್ತದೆ. ಗಟ್ಟಿ ಪೇಂಟಿಗೆ ಇದೇ ಬೇಕು. ಉಣ್ಣೆ ಪ್ಯಾಡ್ ಕೂಡ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ, ಬಿಸಿ ಕಡಿಮೆ. ರೋಟರಿ ಮೆಷೀನಿಗೆ (ಅಲುಗಾಟವಿಲ್ಲದೆ ಬರೀ ತಿರುಗುವಂಥದ್ದು) ಅದನ್ನು ಹಾಕುವವರು ಜಾಸ್ತಿ. ಕೈ ಪಳಗದವರು ರೋಟರಿ ಹಿಡಿಯಬೇಡಿ ಅಂತಲೇ ನಾನು ಹೇಳುತ್ತೇನೆ. ಒಂದೇ ಕಡೆ ನಿಂತರೆ ಅದು ಪೇಂಟನ್ನು ಸುಟ್ಟುಬಿಡುತ್ತದೆ.

ಪ್ಯಾಡ್ ತಿರುಗುವ ವಿಷಯಕ್ಕೆ ಬರುತ್ತೇನೆ. ಡಿಎ ಮೆಷೀನಿನಲ್ಲಿ ಪ್ಯಾಡ್ ಎರಡು ಥರ ಚಲಿಸುತ್ತದೆ. ಒಂದು ಅಲುಗಾಟ, ಇನ್ನೊಂದು ತಿರುಗಾಟ. ಜಾಸ್ತಿ ಒತ್ತಿದರೆ, ಓರೆ ಹಿಡಿದರೆ, ಉಬ್ಬು ತಗ್ಗಿನ ಮೇಲೆ ಹೋದರೆ ತಿರುಗಾಟ ನಿಂತುಬಿಡುತ್ತದೆ. ಮೋಟಾರ್ ಸದ್ದು ಹಾಗೇ ಇರುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಗೀರು ಹೋಗಲಿಲ್ಲ ಅಂತ ಇನ್ನೂ ಜೋರಾಗಿ ಒತ್ತಿದರೆ ಇನ್ನಷ್ಟು ಕೆಡುತ್ತದೆ. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್‌ನ ಅಂಚಿಗೆ ಮಾರ್ಕರ್‌ನಿಂದ ಒಂದು ದಪ್ಪ ಗೆರೆ ಎಳೆದುಕೊಳ್ಳಿ. ಆ ಗೆರೆ ಸುತ್ತುತ್ತಿದ್ದರೆ ಒತ್ತಡ ಸರಿ ಇದೆ. ಒಂದೇ ಕಡೆ ನಿಂತು ನಡುಗುತ್ತಿದ್ದರೆ ಕೈ ಸಡಿಲ ಮಾಡಿ. ಡೋರ್‌ನ ತಿರುವುಗಳಲ್ಲಿ ನಾನು ಆ ಗೆರೆಯ ಮೇಲೇ ಕಣ್ಣಿಟ್ಟಿರುತ್ತಿದ್ದೆ. ಫ್ಲೆಕ್ಸ್ ಎಕ್ಸ್‌ಸಿ 3401 ಥರದ ಮೆಷೀನುಗಳಲ್ಲಿ ತಿರುಗಾಟ ಗೇರ್‌ನಿಂದಲೇ ಬರುತ್ತದೆ, ಒತ್ತಿದರೂ ನಿಲ್ಲುವುದಿಲ್ಲ. ಗಟ್ಟಿ ಪೇಂಟಿನ ಕೆಲಸವೇ ಜಾಸ್ತಿ ಇರುವವರಿಗೆ ಅದು ಒಳ್ಳೆಯ ಆಯ್ಕೆ.

ಹೊಸ ಪ್ಯಾಡ್ ಹಾಕಿದಾಗ ಅದರ ಮುಖಕ್ಕೆಲ್ಲ ಕಾಂಪೌಂಡನ್ನು ಬೆರಳಿನಿಂದ ತೆಳ್ಳಗೆ ಹಚ್ಚಿದೆ. ಎಳೆ ಒಣಗಿದ್ದ ಕಡೆ ಸುಮ್ನೆ ಪೇಂಟನ್ನು ಕೆರೆಯುತ್ತದೆ. ಆಮೇಲೆ ಪ್ರತಿ ಚೌಕಕ್ಕೂ ಕಡಲೆಕಾಳಿನಷ್ಟು ಮೂರು ನಾಲ್ಕು ಹನಿ ಸಾಕು. ಸ್ಪೀಡ್ 6ರಲ್ಲಿ 4 ಅಥವಾ 5. ಕೈ ಮಾತ್ರ ನಿಧಾನ, ಸೆಕೆಂಡಿಗೆ ಎರಡು ಮೂರು ಸೆಂ.ಮೀ. ಅಷ್ಟೇ. ಒಮ್ಮೆ ಅಡ್ಡಲಾಗಿ, ಒಮ್ಮೆ ಉದ್ದಕ್ಕೆ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಹೀಗೆ ನಾಲ್ಕೈದು ಸುತ್ತು. ಕೊನೆಯ ಸುತ್ತಿನಲ್ಲಿ ಒತ್ತಡ ಬಿಟ್ಟು ಮೆಷೀನಿನ ತೂಕದಲ್ಲೇ ಓಡಿಸಬೇಕು. ಈ ನಿಧಾನ ರೂಢಿಯಾಗಲು ಸ್ವಲ್ಪ ಹೊತ್ತು ಬೇಕು. ಬೇಗ ಬೇಗ ಓಡಿಸಿದರೆ ಮೇಲ್ಮೈ ಹೊಳೆಯುತ್ತದೆ, ಒಳಗಿನ ಗೀರು ಉಳಿಯುತ್ತದೆ.

ಒಂದು ಚೌಕ ಮುಗಿದ ಮೇಲೆ ಪ್ಯಾಡ್ ತಿರುಗಿಸಿ ನೋಡಿ. ಎಳೆಗಳು ಒಂದಕ್ಕೊಂದು ಅಂಟಿ ಚಪ್ಪಟೆಯಾಗಿರುತ್ತವೆ, ನಡುವೆ ಬೂದು ಬಣ್ಣದ ಜಿಗುಟು. ಅದರಲ್ಲಿ ಹಳೆ ಕಾಂಪೌಂಡ್ ಇದೆ, ನಾವು ಸವೆಸಿದ ಕ್ಲಿಯರ್ ಕೋಟ್ ಕೂಡ ಇದೆ. ಅದರ ಮೇಲೆ ಹೊಸ ಹನಿ ಹಾಕಿದರೆ ಏನು ಪ್ರಯೋಜನ ಹೇಳಿ? ಪ್ರತಿ ಚೌಕದ ನಂತರ ಮೆಷೀನ್ ನಿಧಾನಕ್ಕೆ ಓಡಿಸುತ್ತಾ ನೈಲಾನ್ ಬ್ರಷ್ ಹಿಡಿದು ಎಳೆಗಳನ್ನು ಎಬ್ಬಿಸಿದೆ. ಕಂಪ್ರೆಸರ್ ಗಾಳಿ ಇದ್ದರೆ ಇನ್ನೂ ಚೆನ್ನ. ಒಂದು ಪ್ಯಾನೆಲ್ ಮುಗಿದರೆ ಪ್ಯಾಡನ್ನೇ ಬದಲಾಯಿಸಿದೆ. ಅಷ್ಟರಲ್ಲಿ ಹಳೆಯದು ಬಿಸಿಯೂ ಆಗಿರುತ್ತದೆ, ಆರಲು ಬಿಡಬೇಕು. ಇಡೀ ಕಾರಿಗೆ ಎರಡು ಪ್ಯಾಡ್ ಸಾಕು ಅಂತ ಶುರು ಮಾಡಬೇಡಿ. ಮೂರನೇ ಬಾಟಲಿ ಕಾಂಪೌಂಡಿಗೆ ಹಾಕುವ ದುಡ್ಡನ್ನು ಪ್ಯಾಡ್‌ಗೆ ಹಾಕಿ.

ಎಂ105 ಬೇಗ ಒಣಗುತ್ತದೆ, ದೂಳೂ ಎಬ್ಬಿಸುತ್ತದೆ. ಅದಕ್ಕೇ ನೆರಳಲ್ಲಿ, ಪ್ಯಾನೆಲ್ ತಣ್ಣಗಿದ್ದಾಗ ಮಾತ್ರ ಕೆಲಸ ಮಾಡಿದೆ. ಆಗಾಗ ಪೇಂಟ್ ಮೇಲೆ ಕೈಯ ಹಿಂಭಾಗ ಇಟ್ಟು ನೋಡುತ್ತಿದ್ದೆ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲು ಆಗದಷ್ಟು ಬಿಸಿಯಾದರೆ ನಿಲ್ಲಿಸಬೇಕು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಬಿಸಿ ಹರಿದು ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಅಲ್ಲಿ ಸುತ್ತು ಕಡಿಮೆ, ಒತ್ತಡವೂ ಕಡಿಮೆ.

ಒರೆಸಿದ ತಕ್ಷಣ ಕಾಣುವ ಹೊಳಪನ್ನು ನಂಬಬಾರದು. ಪಾಲಿಶ್‌ನ ಎಣ್ಣೆ ಸಣ್ಣ ಗೀರುಗಳೊಳಗೆ ಕೂತು ಅವನ್ನು ಮರೆಮಾಡುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ, ಚೊಕ್ಕ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಆಮೇಲೆ ಟಾರ್ಚ್ ಹಿಡಿದೆ. ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕಾರೂ ಹೊಸದರಂತೆಯೇ ಕಾಣುತ್ತದೆ, ಅಲ್ವಾ? ಬಿಸಿಲಿಗೆ ತಂದಾಗ ಗೊತ್ತಾಗುವುದು.

ಮೈಕ್ರೋಫೈಬರ್ ಪ್ಯಾಡ್ ತನ್ನದೇ ಒಂದು ಮಂಕು ಬಿಟ್ಟು ಹೋಗುತ್ತದೆ. ಕಪ್ಪು ಬಣ್ಣದಲ್ಲಿ ತೆಳ್ಳಗೆ ಮಂಜು ಕವಿದಂತೆ ಕಾಣುತ್ತದೆ. ಹೆದರಬೇಕಾದ್ದಿಲ್ಲ. ಮೆದು ಫೋಮ್ ಪ್ಯಾಡ್‌ನಲ್ಲಿ ಎಂ205 ಹಾಕಿ, ಹಗುರ ಒತ್ತಡದಲ್ಲಿ ಇನ್ನೊಮ್ಮೆ ಓಡಿಸಿದರೆ ಹೋಗುತ್ತದೆ. ಗಟ್ಟಿ ಕ್ಲಿಯರ್‌ನ ದೊಡ್ಡ ಗುಣ ಗೊತ್ತಾಗುವುದೇ ಇಲ್ಲಿ. ಮೆದು ಪೇಂಟಿನಲ್ಲಿ ಕೊನೆಯ ಮಂಕು ತೆಗೆಯಲು ಹೆಣಗಾಡಬೇಕು, ಇದರಲ್ಲಿ ಅದು ಸಲೀಸು. ಮೊದಲ ಹೆಜ್ಜೆಯಲ್ಲಿ ಪಟ್ಟ ಶ್ರಮವನ್ನೆಲ್ಲ ಎರಡನೇ ಹೆಜ್ಜೆ ತೀರಿಸಿಕೊಡುತ್ತದೆ.

ಆ ಒಂದೆರಡು ಆಳದ ಗೆರೆ ಹಾಗೇ ಬಿಟ್ಟೆ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೆರೆಯನ್ನು ಪೂರ್ತಿ ತೆಗೆಯಲು ಹೊರಟರೆ ಸುತ್ತಲಿನ ಕ್ಲಿಯರ್ ಅಷ್ಟೂ ಇಳಿಯಬೇಕು. ಗೆರೆಯ ಅಂಚು ಸವೆದು ಬೆಳಕಿಗೆ ಮಿನುಗುವುದು ನಿಂತರೆ ಸಾಕು. ಆ ಮೈಕ್ರಾನುಗಳು ಮುಂದಿನ ವರ್ಷಗಳಿಗೆ ಬೇಕು.

ಡೋರ್ ನಡುವಿನ ಕಂಬಗಳ ಮೇಲಿರುವ ಹೊಳೆಯುವ ಕಪ್ಪು ಪ್ಲಾಸ್ಟಿಕ್‌ಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದು ಬಹಳ ಮೆದು. ಅದಕ್ಕೆ ಮೆದು ಫೋಮ್ ತುಂಡು, ಎಂ205, ಬರಿಗೈ. ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ಆಲ್ಕೊಹಾಲ್‌ನಿಂದ ಒರೆಸಿ, ಪೇಂಟನ್ನು ಕಾಯುವ ಸೀಲೆಂಟ್ ಹಚ್ಚಿದೆ. ಈಗ ತೊಳೆಯುವಾಗ ಎರಡು ಬಕೆಟ್ ಇಡುತ್ತೇನೆ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಮಿಟ್ (ತೊಳೆಯುವ ಕೈಗವಸು) ಜಾಲಾಡಿಸುವ ನೀರು. ಒಣ ಮೈಗೆ ಬಟ್ಟೆ ಮುಟ್ಟಿಸುವುದಿಲ್ಲ.

ಪ್ಯಾಡ್‌ಗಳನ್ನು ಕೆಲಸ ಮುಗಿದ ದಿನವೇ ತೊಳೆಯಿರಿ. ಕಾಂಪೌಂಡ್ ಒಣಗಿ ಗಟ್ಟಿಯಾದರೆ ಎಳೆಗಳು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಅದೇ ನೈಲಾನ್ ಬ್ರಷ್. ಹಿಂಡುವಾಗ ತಿರುಚಬೇಡಿ, ಒತ್ತಿ ನೀರು ತೆಗೆಯಿರಿ. ಒಣಗಿಸುವಾಗ ಮುಖ ಕೆಳಗೆ, ವೆಲ್ಕ್ರೋ ಮೇಲೆ ಬರುವಂತೆ ಇಡಿ. ಆಗ ನೀರು ಇಳಿದು ಅಂಟಿನ ಹತ್ತಿರ ನಿಲ್ಲುವುದಿಲ್ಲ, ವೆಲ್ಕ್ರೋ ಬೇಗ ಕಿತ್ತು ಬರುವುದಿಲ್ಲ.