ಅವರೆಯ ಗುಂಡು ತಿಗಣೆಯನ್ನು ಗುರುತಿಸಿ ವಿವರಿಸುವ ಬಗೆ

ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಬ್ಬಿದ ಅವರೆ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ಅದರ ಕಾಂಡದ ಮೇಲೆ ಗುಂಪುಗುಂಪಾಗಿ ಕೂತು ರಸ ಹೀರುವ, ಮುಟ್ಟಿದರೆ ಘಾಟು ವಾಸನೆ ಬಿಡುವ ಗುಂಡನೆಯ ಕೀಟವೊಂದು ಕಾಣಸಿಗುತ್ತದೆ. ಇದರ ವೈಜ್ಞಾನಿಕ ಹೆಸರು ಮೆಗಾಕಾಪ್ಟಾ ಕ್ರಿಬ್ರೇರಿಯಾ. 1798ರಲ್ಲಿ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಇದನ್ನು ಮೊದಲು ವಿವರಿಸಿದರು. ಹಳೆಯ ಕೃಷಿ ಪುಸ್ತಕಗಳಲ್ಲಿ ಕಾಣುವ ಕಾಪ್ಟೊಸೋಮಾ ಕ್ರಿಬ್ರೇರಿಯಾ ಕೂಡ ಇದೇ ಕೀಟ. ಹೆಸರು ಮೊದಲೇ ಗೊತ್ತಿದ್ದರೂ ದೇಹದ ಲಕ್ಷಣಗಳನ್ನು ಒಂದೊಂದಾಗಿ ನೋಡಿಕೊಂಡೇ ಆ ಹೆಸರಿಗೆ ಬರುವುದು ಸರಿಯಾದ ಕ್ರಮ.

ಮೇಲಿನಿಂದ ನೋಡಿದವರಲ್ಲಿ ಹೆಚ್ಚಿನವರು ಇದನ್ನು ಗುಲಗಂಜಿ ಹುಳುವಿನ ಜಾತಿಯ ಓಡುಹುಳು ಎಂದೇ ತಿಳಿಯುತ್ತಾರೆ. ಆದ್ದರಿಂದ ಮೊದಲು ಬೆನ್ನಿನ ನಡುವೆ ಉದ್ದಕ್ಕೆ ಗೆರೆ ಇದೆಯೇ ಎಂದು ನೋಡಬೇಕು. ಓಡುಹುಳುವಿನಲ್ಲಿ ಎರಡು ಗಟ್ಟಿ ರೆಕ್ಕೆಗಳು ನಡುಬೆನ್ನಿನಲ್ಲಿ ಸೇರುವುದರಿಂದ ಆ ಗೆರೆ ಇದ್ದೇ ಇರುತ್ತದೆ. ನಮ್ಮ ತಿಗಣೆಯಲ್ಲಿ ಇರುವುದಿಲ್ಲ, ಏಕೆಂದರೆ ಅಲ್ಲಿ ಕಾಣುವುದು ರೆಕ್ಕೆಯಲ್ಲ, ಎದೆಭಾಗದಿಂದ ಹಿಂದಕ್ಕೆ ಬೆಳೆದು ಹೊಟ್ಟೆಯನ್ನೂ ಮಡಿಸಿಟ್ಟ ರೆಕ್ಕೆಗಳನ್ನೂ ಮುಚ್ಚಿದ ಒಂದೇ ಫಲಕ. ಇದಕ್ಕೆ ಸ್ಕುಟೆಲಮ್ ಎನ್ನುತ್ತಾರೆ. ಬಳಿಕ ಕೀಟವನ್ನು ಅಂಗಾತ ಮಾಡಿ ತಲೆಯ ಕೆಳಭಾಗವನ್ನು ನೋಡಿದರೆ ಕಾಲುಗಳ ನಡುವೆ ಹಿಂದಕ್ಕೆ ಮಡಿಸಿಕೊಂಡ, ಸೂಜಿಯಂಥ ಹೀರುಕೊಳವೆ ಕಾಣುತ್ತದೆ. ಅದು ಕಂಡರೆ ಓಡುಹುಳುವಿನ ಅನುಮಾನ ಅಲ್ಲಿಗೇ ಮುಗಿಯಿತು. ಬೆನ್ನಿನ ಫೋಟೊ ಒಂದನ್ನೇ ತೆಗೆದು ಕಳುಹಿಸುವವರಿಗೆ ಖಚಿತವಾದ ಉತ್ತರ ಸಿಗದಿರಲು ಇದೇ ಕಾರಣ.

ಇಷ್ಟರಿಂದಲೇ ಕುಟುಂಬ ತಿಳಿಯುವುದಿಲ್ಲ. ಸಾಮಾನ್ಯ ಹಸಿರು ತಿಗಣೆಯಲ್ಲಿ ಸ್ಕುಟೆಲಮ್ ತ್ರಿಕೋನವಾಗಿ ಬೆನ್ನಿನ ನಡುವೆಯೇ ಕೊನೆಯಾಗುವುದರಿಂದ ಗೊಂದಲವಿಲ್ಲ. ಆದರೆ ಕಾಡು ಹರಳಿನ ಗಿಡದಲ್ಲಿ ಕೂರುವ ಹೊಳೆಯುವ ಬಣ್ಣದ ತಿಗಣೆಗೂ ಬೆನ್ನು ತುಂಬುವ ಫಲಕವಿದೆ. ಬೇರೆ ಮಾಡಿಕೊಡುವುದು ಪಾದ. ಬಣ್ಣದ ತಿಗಣೆಯ ಪಾದದಲ್ಲಿ ಮೂರು ಗೆಣ್ಣುಗಳಿದ್ದರೆ ಅವರೆ ತಿಗಣೆ ಸೇರಿರುವ ಪ್ಲಾಟಾಸ್ಪಿಡೇ ಕುಟುಂಬದಲ್ಲಿ ಎರಡೇ ಇರುತ್ತವೆ. ಕೈ ಲೆನ್ಸಿನಲ್ಲಿ ಇದನ್ನು ಎಣಿಸುವುದು ಕಷ್ಟ; ಸಮೀಪದ ಕಾಲೇಜಿನ ಸೂಕ್ಷ್ಮದರ್ಶಕವನ್ನು ಬಳಸುವುದು ವಾಸಿ.

ಬಣ್ಣವನ್ನು ಕೊನೆಗೆ ನೋಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದೇ ಗುಂಪಿನಲ್ಲಿ ಹಸಿರು ಮಿಶ್ರಿತ ಹಳದಿಯಿಂದ ಕಂದಿನವರೆಗೆ ವ್ಯತ್ಯಾಸವಿರುತ್ತದೆ, ಸತ್ತ ಮೇಲೆ ಹಸಿರು ಇನ್ನಷ್ಟು ಮಾಸುತ್ತದೆ. ಅದಕ್ಕಿಂತ ನಂಬಬಹುದಾದ ಗುರುತೆಂದರೆ ಬೆನ್ನಿನ ತುಂಬ ಒತ್ತಾಗಿ ಹರಡಿದ, ಜರಡಿಯ ತೂತುಗಳಂತೆ ಕಾಣುವ ಕಪ್ಪು ಕುಳಿಗಳು. ಕಪ್ಪಗೆ ಹೊಳೆಯುವ ಕೀಟ ಸಿಕ್ಕರೆ ಅದು ಇದೇ ಕುಟುಂಬದ ಬೇರೊಂದು ಪ್ರಭೇದವಾಗಿರಬಹುದು. ಅವರೆಯ ಮೇಲೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಹೆಸರನ್ನು ತೀರ್ಮಾನಿಸಬಾರದು: 2009ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕಾಣಿಸಿಕೊಂಡ ನಮ್ಮದೇ ಪ್ರಭೇದ ಅಲ್ಲಿ ಕುಡ್ಜು ಬಳ್ಳಿಯನ್ನೂ ಸೋಯಾ ಅವರೆಯನ್ನೂ ಹಿಡಿದುಕೊಂಡಿತು.

ಗುಂಪಿನಲ್ಲಿ ಮೈಮೇಲೆ ಕೂದಲಿರುವ, ರೆಕ್ಕೆಯಿಲ್ಲದ ಮರಿಗಳಿದ್ದರೆ ಅವನ್ನೂ ವಿವರಿಸಬೇಕು. ಮರಿ ಐದು ಹಂತ ದಾಟಿ ಪ್ರೌಢವಾಗುತ್ತದೆ. ಮೊಟ್ಟೆ ಸಿಕ್ಕರಂತೂ ಬಿಡಬಾರದು. ಎರಡು ಸಾಲಾಗಿ ಇಟ್ಟ ಬಿಳಿಚು ಮೊಟ್ಟೆಗಳ ತಳದಲ್ಲಿ ಕಂದು ಬಣ್ಣದ ಸಣ್ಣ ಉಂಡೆಗಳಿರುತ್ತವೆ. ಅವುಗಳಲ್ಲಿ ತಾಯಿ ತನ್ನ ಕರುಳಿನ ಬ್ಯಾಕ್ಟೀರಿಯಾವನ್ನು ತುಂಬಿಟ್ಟಿರುತ್ತದೆ. ಮರಿ ಹೊರಬಂದೊಡನೆ ಅದನ್ನು ಹೀರುತ್ತದೆ, ಅದು ಸಿಗದ ಮರಿಯ ಬೆಳವಣಿಗೆ ಕುಂಠಿತವಾಗುತ್ತದೆ.

ವಿವರಣೆಯನ್ನು ತಲೆಯಿಂದ ಹಿಂದಕ್ಕೆ, ಬಳಿಕ ಮೇಲಿನಿಂದ ಕೆಳಕ್ಕೆ ಬರೆಯಬೇಕು. ಮಾದರಿಗೆ: "ಉದ್ದ 5 ಮಿ.ಮೀ.; ಮೇಲಿನಿಂದ ಗುಂಡಾಗಿ, ಹಿಂದುಗಡೆ ಮೊಟಕಾಗಿದೆ; ಕುಡಿಮೀಸೆಯಲ್ಲಿ ಐದು ಗೆಣ್ಣು; ಸ್ಕುಟೆಲಮ್ ಹೊಟ್ಟೆಯನ್ನು ಮುಚ್ಚಿದೆ; ಕುಳಿಗಳು ಕಪ್ಪು, ಒತ್ತಾಗಿವೆ; ಪಾದದಲ್ಲಿ ಎರಡು ಗೆಣ್ಣು." ಈ ಪ್ರಭೇದದ ಉದ್ದ ಸಾಮಾನ್ಯವಾಗಿ 3.5ರಿಂದ 6 ಮಿ.ಮೀ. ಇದ್ದು ಗಂಡು ಹೆಣ್ಣಿಗಿಂತ ಚಿಕ್ಕದಾಗಿರುವುದರಿಂದ, ಒಂದನ್ನೇ ಅಳೆಯದೆ ಹಲವನ್ನು ಅಳೆದು ಕನಿಷ್ಠ, ಗರಿಷ್ಠ ಎರಡನ್ನೂ ಬರೆಯುವುದು ಒಳ್ಳೆಯದು. "ಚಿಕ್ಕದು", "ಸುಂದರ" ಎಂಬ ಮಾತುಗಳಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ.

ಮಾದರಿ ಕೀಟಗಳನ್ನು ಶೇಕಡ 70ರ ಆಲ್ಕೋಹಾಲ್ ತುಂಬಿದ ಸಣ್ಣ ಸೀಸೆಯಲ್ಲಿಡಬೇಕು. ಊರು, ತಾಲ್ಲೂಕು, ದಿನಾಂಕ, ಗಿಡ, ಗಿಡದ ಯಾವ ಭಾಗ, ಹಿಡಿದವರ ಹೆಸರು ಇವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಸೀಸೆಯ ಒಳಗೇ ಇರಲಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.