ಹಳೆಯ ಮಿನಿ ಟ್ರ್ಯಾಕ್ಟರಿಗೆ ಟೈರು, ಉಪಕರಣ ಹೊಂದಿಸಿದ ಬಗೆ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಜಮೀನಿನಲ್ಲಿ ಒಂದು ಕಡೆ ಬೋರ್‌ವೆಲ್ ನೀರಿನ ಅಡಿಕೆ ತೋಟವಿದೆ, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಮೆಕ್ಕೆಜೋಳದ ಮಸಾರಿ (ಕೆಂಪು ಮಣ್ಣಿನ) ಹೊಲವಿದೆ. ಹೊಲಕ್ಕೆ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ. ಅದೇ ತೋಟದೊಳಗೆ ನುಗ್ಗಿದರೆ ಗಿಡದ ಬುಡವೂ ಉಳಿಯುವುದಿಲ್ಲ, ಹನಿ ನೀರಾವರಿಯ ಪೈಪೂ ಉಳಿಯುವುದಿಲ್ಲ. ಈ ಕಾರಣಕ್ಕೆ 24 ಎಚ್‌ಪಿಯ, ನಾಲ್ಕೂ ಗಾಲಿಗಳಿಗೆ ಎಳೆತವಿರುವ ಹಳೆಯ ಮಿನಿ ಟ್ರ್ಯಾಕ್ಟರ್ ಒಂದನ್ನು ಕೊಂಡೆ. ಎಂಜಿನ್ ನೋಡಿ ಹೇಳುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಟೈರು ಮತ್ತು ಉಪಕರಣಗಳನ್ನು ಮಾತ್ರ ಎಲ್ಲರೂ ಕೊನೆಗೆ, ಬೇರೆ ಬೇರೆಯಾಗಿ ಯೋಚಿಸುತ್ತಾರೆ. ನಾನು ಅವೆರಡನ್ನೂ ಒಟ್ಟಿಗೆ, ಅದೂ ಟ್ರ್ಯಾಕ್ಟರ್ ಹುಡುಕಲು ಹೊರಡುವ ಮೊದಲೇ ನಿರ್ಧರಿಸಿದ್ದೆ.

ಮೊದಲು ಅಳೆದದ್ದು ತೋಟವನ್ನು. ನಮ್ಮಲ್ಲಿ ಅಡಿಕೆಯನ್ನು ಸಾಲಿನಿಂದ ಸಾಲಿಗೆ 9 ಅಡಿ ಬಿಟ್ಟು ನೆಟ್ಟಿದ್ದೇವೆ. ಅಡಿಕೆಯ ಬೇರುಗಳು ಹೆಚ್ಚಾಗಿ ಬುಡದ ಸುತ್ತ, ಮೇಲ್ಮಣ್ಣಿನಲ್ಲೇ ಹರಡಿಕೊಳ್ಳುವುದರಿಂದ ಎರಡೂ ಬದಿಯಲ್ಲಿ ಎರಡೆರಡು ಅಡಿಗೂ ಹೆಚ್ಚು ಜಾಗವನ್ನು ಮುಟ್ಟದೆ ಬಿಡಬೇಕು. ಹೀಗೆ ಬಿಟ್ಟ ಮೇಲೆ ಯಂತ್ರ ಓಡಾಡಲು ಉಳಿಯುವುದು ನಾಲ್ಕೂವರೆ ಅಡಿಯ ಪಟ್ಟಿ ಮಾತ್ರ. ಹಿಂದಿನ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟ್ರ್ಯಾಕ್ಟರಿನ ಅಗಲ ನಾಲ್ಕು ಅಡಿಯನ್ನು ಮೀರಬಾರದು ಎಂಬುದೂ, ತಿರುಗುವ ಅಲಗುಗಳಿಂದ ಮಣ್ಣು ಪುಡಿಮಾಡುವ ರೋಟವೇಟರ್ ಆ ಅಗಲಕ್ಕಿಂತ ತುಸು ಹೆಚ್ಚಿರಬೇಕು ಎಂಬುದೂ ಇದರಿಂದ ನಿಶ್ಚಯವಾಯಿತು. ರೋಟವೇಟರ್ ಟೈರಿನ ಅಗಲಕ್ಕಿಂತ ಕಡಿಮೆಯಿದ್ದರೆ ಟೈರು ತುಳಿದು ಗಟ್ಟಿಯಾದ ಗೆರೆ ಹಾಗೆಯೇ ಉಳಿದು, ಕಳೆ ಮೊದಲು ಅಲ್ಲೇ ಏಳುತ್ತದೆ.

ನಾನು ನೋಡಿದ ಗಾಡಿಗಳಲ್ಲಿ ಕೆಲವು ಹರಿಹರ, ಮಲೇಬೆನ್ನೂರು ಕಡೆಯ ಭದ್ರಾ ನಾಲೆಯ ಗದ್ದೆಗಳಲ್ಲಿ ದುಡಿದಂಥವು. ಗದ್ದೆಯ ಗಾಡಿಯೆಂದು ತಳ್ಳಿಹಾಕಬೇಕಾಗಿಲ್ಲ, ಆದರೆ ಬಗ್ಗಿ ನೋಡಬೇಕಾದ ಜಾಗಗಳು ಹೆಚ್ಚು. ಕೆಸರಿನಲ್ಲಿ ಓಡಿದ ಗಾಡಿಯ ಮುಂದಿನ ಆಕ್ಸಲ್‌ನ ಆಯಿಲ್ ಸೀಲುಗಳು ಬೇಗ ಹೋಗುತ್ತವೆ; ಒಳಗೆ ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿರುತ್ತದೆ. ಟೈರಿಗೆ ನೀರು ತುಂಬಿಸಿ ಓಡಿಸಿದ್ದರೆ ವಾಲ್ವಿನ ತೂತಿನ ಸುತ್ತ ರಿಮ್ ತುಕ್ಕು ಹಿಡಿದಿರುತ್ತದೆ. ಹೊಸ ಟೈರು ಹಾಕಿ ಬಣ್ಣ ಬಳಿದ ರಿಮ್ಮನ್ನು ಕಂಡರೆ ಆ ಜಾಗವನ್ನು ಉಗುರಿನಿಂದ ಕೆರೆದೇ ನೋಡುತ್ತಿದ್ದೆ.

ಟೈರಿನ ವಯಸ್ಸನ್ನು ಬಟನ್ನಿನ, ಅಂದರೆ ಮಣ್ಣು ಕಚ್ಚುವ ರಬ್ಬರ್ ಉಬ್ಬುಗಳ, ಎತ್ತರ ಹೇಳುವುದಿಲ್ಲ. ಅದರ ಪಕ್ಕದ ಗೋಡೆಯ ಮೇಲೆ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ; 3116 ಎಂದಿದ್ದರೆ 2016ರ 31ನೆಯ ವಾರ. ಬಟನ್ ಚೆನ್ನಾಗಿದ್ದರೂ ಬಿಸಿಲಿಗೆ ನಿಂತು ಪಕ್ಕದ ರಬ್ಬರ್ ಬಿರುಕು ಬಿಟ್ಟು, ಒಳಗಿನ ದಾರ ಕಾಣುವಂತಿದ್ದರೆ ಆ ಟೈರಿಗೆ ನಾನು ಬೆಲೆ ಕಟ್ಟುವುದಿಲ್ಲ.

ನಾಲ್ಕು ಗಾಲಿ ಎಳೆಯುವ ಗಾಡಿಯಲ್ಲಿ ನಿಜವಾದ ತೊಡಕು ಇರುವುದು ಮುಂದಿನ ಮತ್ತು ಹಿಂದಿನ ಟೈರುಗಳ ಹೊಂದಾಣಿಕೆಯಲ್ಲಿ. ಎರಡು ಆಕ್ಸಲ್‌ಗಳ ನಡುವಿನ ಗೇರ್ ಅನುಪಾತವನ್ನು ಕಂಪನಿ ನಿಗದಿಮಾಡಿರುತ್ತದೆ, ಅದು ಬದಲಾಗುವುದಿಲ್ಲ. ಆ ಅನುಪಾತಕ್ಕೆ ತಕ್ಕ ಟೈರುಗಳಿದ್ದರೆ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಶೇ 1ರಿಂದ 5ರಷ್ಟು ಮುಂದಾಗಿ ಉರುಳುತ್ತ ಗಾಡಿಯನ್ನು ಎಳೆಯುತ್ತವೆ. ಮುಂದಿನ ಟೈರು ಸವೆದು ಸುತ್ತಳತೆ ಕುಗ್ಗಿದರೆ, ಅಥವಾ ಹಿಂದಕ್ಕೆ ಯಾರೋ ಒಂದು ಅಳತೆ ದೊಡ್ಡ ಟೈರು ಹಾಕಿಸಿದ್ದರೆ, ಈ ಮುನ್ನಡೆ ಕರಗಿ ಮುಂದಿನ ಗಾಲಿಗಳೇ ಬ್ರೇಕಿನಂತೆ ಹಿಡಿಯತೊಡಗುತ್ತವೆ. ಹಾಗೆ ಓಡಿಸಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಟೈರು ಬೇಗ ಸವೆಯುತ್ತದೆ, ಕೊನೆಗೆ ಮುಂದಿನ ಆಕ್ಸಲ್ಲಿನ ಗೇರುಗಳ ಮೇಲೆ ಹೊರೆ ಬೀಳುತ್ತದೆ.

ಇದನ್ನು ಪರೀಕ್ಷಿಸಲು ಸೀಮೆಸುಣ್ಣ ಸಾಕು. ಸಮತಟ್ಟಾದ ಗಟ್ಟಿ ನೆಲದ ಮೇಲೆ, ನಾಲ್ಕೂ ಟೈರುಗಳ ಗಾಳಿ ಸರಿಪಡಿಸಿ, ಒಂದು ಮುಂದಿನ ಮತ್ತು ಒಂದು ಹಿಂದಿನ ಟೈರಿಗೆ ಗುರುತು ಹಾಕಿದೆ. ಮೊದಲು ಮುಂದಿನ ಎಳೆತವನ್ನು ಬಿಡಿಸಿ, ಸ್ಟೀರಿಂಗ್ ನೇರವಾಗಿಟ್ಟು, ಹಿಂದಿನ ಗಾಲಿ 10 ಸುತ್ತು ತಿರುಗುವವರೆಗೆ ನಿಧಾನವಾಗಿ ಓಡಿಸಿ, ಮುಂದಿನದು ಎಷ್ಟು ಸುತ್ತಿತೆಂದು ಎಣಿಸಬೇಕು; ಆಮೇಲೆ ಎಳೆತ ಹಾಕಿ ಅದನ್ನೇ ಮತ್ತೆ ಮಾಡಬೇಕು. ಲೆಕ್ಕಕ್ಕೆ ಹೇಳುವುದಾದರೆ, ಮೊದಲ ಸಲ 15 ಸುತ್ತು, ಎರಡನೆಯ ಸಲ 15.5 ಸುತ್ತು ಬಂದರೆ ಮುನ್ನಡೆ ಶೇ 3ಕ್ಕೆ ಸ್ವಲ್ಪ ಮೇಲಿದೆ, ಅಂದರೆ ಸರಿಯಾಗಿದೆ. ನಾನು ಕೊಂಡ ಗಾಡಿಯಲ್ಲಿ ಎರಡೂ ಎಣಿಕೆ ಹೆಚ್ಚುಕಡಿಮೆ ಒಂದೇ ಬಂತು. ಮುಂದಿನ ಜೋಡಿಯ ಬಟನ್ ಸವೆದಿತ್ತು, ಹಿಂದಿನ 8.3-20 ಅಳತೆಯ ಜೋಡಿ ಗಟ್ಟಿಯಾಗಿತ್ತು. ಹೊಸ ಮುಂದಿನ ಜೋಡಿಯ ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಮುರಿದುಕೊಂಡೇ ದುಡ್ಡು ಕೊಟ್ಟೆ. ಹೊಸದನ್ನು ಕೈಪಿಡಿಯಲ್ಲಿ ಬರೆದ ಅಳತೆಯಲ್ಲೇ ಹಾಕಿಸಿದೆ. ‘ಇದೂ ಕೂರುತ್ತೆ ಅಣ್ಣ’ ಎಂದು ಅಂಗಡಿಯವರು ತೋರಿಸುವ ಟೈರು ರಿಮ್ಮಿಗೆ ಕೂರುತ್ತದೆ ನಿಜ, ಅನುಪಾತಕ್ಕೆ ಕೂರುವುದಿಲ್ಲ.

ಬಟನ್ನಿನ ಬಗೆಯಲ್ಲಿ ಹೆಚ್ಚು ಆಯ್ಕೆಯೇನೂ ಇರಲಿಲ್ಲ. ಆರ್-1 ಎಂಬ ಸಾಮಾನ್ಯ ಕೃಷಿ ಟೈರು ಮಸಾರಿಗೂ ತೋಟಕ್ಕೂ ಒಗ್ಗುತ್ತದೆ. ಆಳವಾದ ಬಟನ್ನಿನ ಆರ್-2 ಗದ್ದೆಯ ಕೆಸರಿಗಾಗಿ ಇರುವಂಥದ್ದು. ಗಟ್ಟಿ ನೆಲದಲ್ಲೂ ರಸ್ತೆಯಲ್ಲೂ ಅದನ್ನು ಓಡಿಸುವುದು ರಬ್ಬರನ್ನು ವ್ಯರ್ಥ ಮಾಡಿದಂತೆ. ಟೈರು ಕೂರಿಸುವಾಗ ಹತ್ತಿರ ನಿಂತು ನೋಡಿದ ಸಂಗತಿಯೊಂದೇ: ಗಾಡಿಯ ಹಿಂದೆ ನಿಂತು ಕಂಡರೆ ಬಟನ್ನುಗಳ ಮೊನೆ ಮೇಲಕ್ಕೆ ಮುಖ ಮಾಡಿರಬೇಕು. ತಿರುಗುಮುರುಗಾದರೆ ಮಣ್ಣು ಬಟನ್ನುಗಳ ನಡುವೆ ಕಚ್ಚಿಕೊಂಡು ಗಾಲಿ ಜಾರುತ್ತದೆ.

ಹಿಂದಿನ ಟೈರುಗಳಿಗೆ ಹೊಲದ ಉಳುಮೆಯ ಕಾಲಕ್ಕೆ ಮುಕ್ಕಾಲು ಪಾಲು ನೀರು ತುಂಬಿಸುತ್ತೇನೆ. ವಾಲ್ವನ್ನು ಮೇಲಕ್ಕೆ ತಂದು ತುಂಬಿದರೆ ನೀರು ಆ ಮಟ್ಟಕ್ಕೇ ನಿಲ್ಲುತ್ತದೆ. ತೋಟದ ಕೆಲಸಕ್ಕೆ ಮುಂಚೆ ಖಾಲಿ ಮಾಡಿಸುತ್ತೇನೆ, ಏಕೆಂದರೆ ಒದ್ದೆ ಮಣ್ಣಿನ ಮೇಲೆ ಆ ಭಾರ ಬೇರುಗಳ ಉಸಿರು ಕಟ್ಟಿಸುತ್ತದೆ.

ಉಪಕರಣಗಳಿಗೆ ಬಂದರೆ, ಮಾರಿದವರು ತಮ್ಮ 5 ಅಡಿಯ ರೋಟವೇಟರನ್ನೂ ಜೊತೆಗೆ ಕೊಡಲು ಸಿದ್ಧರಿದ್ದರು. ಬಹುಮಾನದಂತೆ ಕಂಡರೂ ಬೇಡವೆಂದೆ. ಅದನ್ನು ತಿರುಗಿಸಲು 35 ಎಚ್‌ಪಿಯ ಆಸುಪಾಸಿನ ಗಾಡಿ ಬೇಕು. ಚಿಕ್ಕ ಗಾಡಿ ಅದನ್ನು ಎತ್ತಿದರೂ ಮುಂದಿನ ಗಾಲಿಗಳ ಮೇಲಿನ ಭಾರ ಹೋಗಿ ಸ್ಟೀರಿಂಗ್ ಹಗುರಾಗುತ್ತದೆ. ನಾನು 4 ಅಡಿಯದನ್ನು ಹೊಸದಾಗಿಯೇ ಕೊಂಡೆ. ಹಳೆಯ ರೋಟವೇಟರಿನಲ್ಲಿ ಗೇರ್‌ಬಾಕ್ಸ್ ಸೋರುತ್ತಿದೆಯೇ, ರೋಟರಿನ ಬೇರಿಂಗ್ ಅಲುಗಾಡುತ್ತಿದೆಯೇ ಎಂದು ಹುಡುಕಿ ಸುಸ್ತಾಗುವುದಕ್ಕಿಂತ ಇಲ್ಲಿ ಹಣ ಹಾಕುವುದು ವಾಸಿ ಎಂಬುದು ನನ್ನ ಎಣಿಕೆ.

ಅದರೊಡನೆ ಬರುವ ಪಿಟಿಒ ಶಾಫ್ಟನ್ನು, ಅಂದರೆ ಎಂಜಿನ್ನಿನ ತಿರುಗುಬಲವನ್ನು ಉಪಕರಣಕ್ಕೆ ಒಯ್ಯುವ ದಂಡವನ್ನು, ಹಾಗೆಯೇ ಜೋಡಿಸಬಾರದು. ಮಿನಿ ಟ್ರ್ಯಾಕ್ಟರಿನಲ್ಲಿ ಹಿಂದಿನ ಅಂತರ ಕಡಿಮೆ. ಶಾಫ್ಟ್ ಉದ್ದವಾಗಿದ್ದರೆ ಉಪಕರಣ ಎತ್ತುವಾಗ ಒಳಗೊಳಗೇ ಕೂಡಿ ಒತ್ತಿ ಗೇರ್‌ಬಾಕ್ಸನ್ನೇ ಒಡೆಯುತ್ತದೆ. ಉಪಕರಣವನ್ನು ನಿಧಾನವಾಗಿ ಎತ್ತಿ ಇಳಿಸಿ, ಶಾಫ್ಟ್ ಅತಿ ಚಿಕ್ಕದಾಗುವ ಸ್ಥಾನ ನೋಡಿಕೊಂಡು, ಒಳ ಕೊಳವೆ ಹೊರ ಕೊಳವೆಗಳೆರಡನ್ನೂ ಸಮನಾಗಿ ಕತ್ತರಿಸಿಸಿದೆ. ಅತಿ ಉದ್ದವಾದ ಸ್ಥಾನದಲ್ಲೂ ಒಂದರೊಳಗೊಂದು ಮೂರನೆಯ ಒಂದು ಭಾಗ ಉಳಿಯಬೇಕು. ಕಲ್ಲಿಗೆ ಸಿಕ್ಕಾಗ ತುಂಡಾಗಲೆಂದೇ ಇರುವ ಬೋಲ್ಟಿನ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಲು ಯಾರಿಗೂ ಬಿಡುವುದಿಲ್ಲ. ಪಿಟಿಒವನ್ನು ನಿಮಿಷಕ್ಕೆ 540 ಸುತ್ತಿನಲ್ಲೇ ಓಡಿಸುತ್ತೇನೆ. ತೋಟದಲ್ಲಿ ಎರಡು ಮೂರು ಇಂಚಿಗಿಂತ ಆಳಕ್ಕೆ ಹೋಗುವುದಿಲ್ಲ.

ಹೊಲಕ್ಕೆ 5 ಹಲ್ಲಿನ, ಸ್ಪ್ರಿಂಗ್ ಇರುವ ಕಲ್ಟಿವೇಟರ್ ಇದೆ. ನಮ್ಮ ಮಸಾರಿಯಲ್ಲಿ ಮಣ್ಣಿಗಿಂತ ಕಲ್ಲೇ ಮೊದಲು ಸಿಗುವುದರಿಂದ ಸ್ಪ್ರಿಂಗಿಲ್ಲದ್ದು ಬಾಗುತ್ತದೆ. ಪಕ್ಕದ ಹೊಲದವರ 9 ಹಲ್ಲಿನದನ್ನು ಲೇತಿನಲ್ಲಿ ಪಿನ್ ಸಣ್ಣ ಮಾಡಿಸಿ ಬಳಸೆಂದು ಸಲಹೆ ಬಂದಿತ್ತು. ಉಪಕರಣ ಸಿಕ್ಕಿಸುವ ಕೆಳಗಿನ ಲಿಂಕಿನ ಪಿನ್ ಚಿಕ್ಕ ಗಾಡಿಯಲ್ಲಿ 22 ಮಿಲಿಮೀಟರ್, ದೊಡ್ಡದರದು 28. ಪಿನ್ ಕೂರದಿರುವುದೇ ಆ ಉಪಕರಣ ಈ ಗಾಡಿಗೆ ಭಾರವೆಂಬುದರ ಸೂಚನೆ. ಕೂರಿಗೆ, ರೆಕ್ಕೆ ನೇಗಿಲುಗಳಂಥ ವರ್ಷಕ್ಕೊಮ್ಮೆ ಬೇಕಾಗುವವನ್ನು ಕೊಳ್ಳಲಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುತ್ತೇವೆ.

ಟ್ರೇಲರ್ ವಿಷಯದಲ್ಲಿ ಮನೆಯವರೊಡನೆ ವಾದವೇ ಆಯಿತು. ಅಡಿಕೆ ಗೊನೆ, ಗೊಬ್ಬರ ಸಾಗಿಸಲು ಅರ್ಧ ಟನ್ನಿನ ಸಣ್ಣದೊಂದು ಸಾಕೆಂದು ನಾನು ಹಟ ಹಿಡಿದೆ. ತುಂಬಿದ ದೊಡ್ಡ ಟ್ರೇಲರನ್ನು ಈ ಗಾಡಿ ಸಮನೆಲದಲ್ಲಿ ಎಳೆದೀತು, ಆದರೆ ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವಷ್ಟು ಸ್ವಂತ ತೂಕ ಇದಕ್ಕಿಲ್ಲ. ಮೆಕ್ಕೆಜೋಳದ ಚೀಲಗಳನ್ನು ದಾವಣಗೆರೆಯ ಎಪಿಎಂಸಿಗೆ ಒಯ್ಯಲು ಈಗಲೂ ಬಾಡಿಗೆ ಗಾಡಿಯನ್ನೇ ಕರೆಸುತ್ತೇವೆ.