ಕೆಳದಿ ಅರಸರ ಊರುಗಳನ್ನು ನೋಡಲು ಹೊರಟಿದ್ದೀರಾ? ಹೀಗೆ ಹೋಗಿ

ಶಿವಮೊಗ್ಗಕ್ಕೆ ಬಂದವರು ಜೋಗ ನೋಡುತ್ತಾರೆ, ಸಕ್ರೆಬೈಲಿನ ಆನೆ ನೋಡುತ್ತಾರೆ, ಊರಿಗೆ ಹೊರಟುಬಿಡುತ್ತಾರೆ. ಅದೂ ಚೆಂದವೇ. ಆದರೆ 1499ರಿಂದ 1763ರವರೆಗೆ ಈ ಸೀಮೆ ಆಳಿದ ಕೆಳದಿ ಅರಸರ ಊರುಗಳು ಆ ದಾರಿಯಿಂದ ಹೆಚ್ಚೇನೂ ದೂರ ಇಲ್ಲ. ಎರಡು ದಿನ ಇಟ್ಟುಕೊಂಡು ಬನ್ನಿ. ಗೂಗಲ್ ಮ್ಯಾಪ್ ತೋರಿಸಿದ ಹಾಗಲ್ಲ, ಅವರ ರಾಜಧಾನಿ ಬದಲಾದ ಹಾಗೆ ಹೋಗಿ: ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಈಗ ಅದರ ಹೆಸರು ನಗರ.

ಮೊದಲ ರಾತ್ರಿ ಸಾಗರದಲ್ಲಿ ಉಳಿಯಿರಿ. ಕೆಳದಿ, ಇಕ್ಕೇರಿ ಎರಡೂ ಅಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ಇವೆ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಹೊತ್ತಿಗೆ ಗುಡಿಗಳ ಬಾಗಿಲು ಹಾಕಿರಬಹುದು. ಕೆಳದಿಯಲ್ಲಿ ವೀರಭದ್ರನ ಗುಡಿಯೊಳಗೆ ತಲೆ ಎತ್ತಿ ನೋಡಿ, ಚಾವಣಿಯಲ್ಲಿ ಗಂಡಭೇರುಂಡ ಇದೆ. ಊರಲ್ಲೇ ಮ್ಯೂಸಿಯಂ ಇದೆ, ತಾಳೆಗರಿಗಳನ್ನು ನೋಡದೆ ಬರಬೇಡಿ.

ಇಕ್ಕೇರಿಯಲ್ಲಿ ಮಾತ್ರ ತಲೆ ತಗ್ಗಿಸಿ ನೋಡಬೇಕು. ಅಘೋರೇಶ್ವರನ ಗುಡಿ ದೊಡ್ಡದು, ಎದುರಿನ ನಂದಿಯೂ ದೊಡ್ಡದು, ಎಲ್ಲರೂ ಅದರ ಫೋಟೋ ತೆಗೆದು ಹೋಗುತ್ತಾರೆ. ನೀವು ಒಳಗೆ ದೇವರ ಎದುರಿನ ನೆಲ ನೋಡಿ. ಮೂವರು ನಾಯಕರು ದೇವರಿಗೆ ನಮಸ್ಕಾರ ಮಾಡುತ್ತಿರುವ ಹಾಗೆ ಕಲ್ಲಿನಲ್ಲಿ ಕೆತ್ತಿದ್ದಾರೆ, ಮೇಲೆ ಅವರವರ ಹೆಸರೂ ಇದೆ. ಒಬ್ಬನ ಕೈಕಾಲಿಗೆ ಬೇಡಿ! ನಾನು ಮೊದಲ ಸಲ ಹೋದಾಗ ಇದನ್ನು ನೋಡದೆ ಬಂದಿದ್ದೆ, ಗೊತ್ತಾದ ಮೇಲೆ ಇದಕ್ಕೋಸ್ಕರವೇ ಇನ್ನೊಂದು ಸಲ ಹೋದೆ. ಇಷ್ಟು ದೊಡ್ಡ ಗುಡಿ ಕಟ್ಟಿಸಿದ ಮನೆತನದವರು ತಮ್ಮನ್ನು ನೆಲದ ಮೇಲೆ ಕೆತ್ತಿಸಿಕೊಂಡಿದ್ದಾರೆ ಅಂದ್ರೆ ಮನಸ್ಸು ತುಂಬಿ ಬರುತ್ತದೆ, ಅಲ್ವಾ? ದಯವಿಟ್ಟು ಅದನ್ನು ತುಳಿಯಬೇಡಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ.

ಎರಡನೇ ದಿನ ನಗರ. ಕೆಳದಿ ಅರಸರಲ್ಲಿ ಹೆಸರಾದ ಶಿವಪ್ಪ ನಾಯಕ ಇದ್ದ ಊರು ಇದು. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕೆಳದಿಯ ರಾಣಿ ಚೆನ್ನಮ್ಮ ಆಳಿದ್ದೂ ಇಲ್ಲಿಂದಲೇ. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್ ನಗರ ಅಂತ ಹೆಸರಿಟ್ಟ, ಅದರಲ್ಲಿ ನಗರ ಮಾತ್ರ ಉಳಿಯಿತು. ಕೋಟೆ ಹತ್ತುವುದು ಕಷ್ಟ ಇಲ್ಲ, ಮೇಲೆ ದರ್ಬಾರಿನ ಜಾಗ, ಅಕ್ಕ ತಂಗಿ ಕೊಳ ಇವೆ. ಕೊಳದ ಅಂಚಿನಲ್ಲಿ ಪಾಚಿ ಇರುತ್ತೆ, ಮಕ್ಕಳ ಕೈ ಬಿಡಬೇಡಿ. ಹತ್ತಿರದ ದೇವಗಂಗೆ ಕೊಳಗಳಿಗೂ ಹೋಗಿ, ಆದರೆ ಸೋಪು, ಶಾಂಪೂ ತಗೊಂಡು ನೀರಿಗೆ ಇಳಿಯಬೇಡಿ.

ಕಾಲಿಗೆ ಶಕ್ತಿ ಇದ್ದರೆ ತೀರ್ಥಹಳ್ಳಿ ಕಡೆಯ ಬೆಟ್ಟದ ಕೋಟೆ ಕವಲೇದುರ್ಗಕ್ಕೂ ಅರ್ಧ ದಿನ ಇಡಿ. ಗದ್ದೆ ಬದಿಯಲ್ಲಿ ನಡೆದು, ಒಂದಾದ ಮೇಲೊಂದು ಬಾಗಿಲು ದಾಟಿ ಹತ್ತಬೇಕು. ಅರಮನೆಯ ಗೋಡೆ ಹೋಗಿದೆ, ಅಡಿಪಾಯ ಇದೆ. ಅಡುಗೆಮನೆಯ ಕಲ್ಲಿನ ಒಲೆಯನ್ನು ಹುಡುಕಿ ನೋಡಿ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಜಾಸ್ತಿ, ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬಿಡುತ್ತೆ. ನೀರು ಕೆಳಗಿನಿಂದಲೇ ತಗೊಂಡು ಹೋಗಿ. ನವೆಂಬರಿನಿಂದ ಫೆಬ್ರವರಿವರೆಗೆ ಹತ್ತಲು ಸುಖ.

ಹಳೇ ಮನೆ ನೋಡುವ ಆಸೆ ಇದ್ದರೆ ಕುಪ್ಪಳಿಗೆ ಹೋಗಿ, ಕುವೆಂಪು ಬೆಳೆದ ಮನೆ. ಹಂಚಿನ ಮನೆ, ನಡುವೆ ತೊಟ್ಟಿ, ಮರದ ಕಂಬ. ಸುಮ್ನೆ ಸುತ್ತಿ ಬರಬೇಡಿ, ಸ್ವಲ್ಪ ಹೊತ್ತು ನಿಂತು ತೊಟ್ಟಿಯೊಳಗೆ ಬೀಳುವ ಬೆಳಕು ನೋಡಿ. ಸಂಜೆ ಕವಿಶೈಲ ಹತ್ತಿ, ಅಲ್ಲಿ ಜೋರಾಗಿ ಹಾಡು ಹಾಕಬೇಡಿ.

ವಾಪಸ್ ಬರುತ್ತಾ ಶಿವಮೊಗ್ಗ ಪೇಟೆಯಲ್ಲಿ ಎರಡು ಜಾಗ ಉಳಿದಿವೆ. ಸೇಕ್ರೆಡ್ ಹಾರ್ಟ್ ಚರ್ಚಿಗೆ ಪೂಜೆಯ ಹೊತ್ತು ಬಿಟ್ಟು ಹೋಗಿ, ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಇನ್ನೊಂದು ಶಿವಪ್ಪ ನಾಯಕನ ಅರಮನೆ, ಈಗ ಅದು ಸರ್ಕಾರಿ ಮ್ಯೂಸಿಯಂ. ಸರ್ಕಾರಿ ಮ್ಯೂಸಿಯಂಗಳಿಗೆ ಸೋಮವಾರ ಸಾಮಾನ್ಯವಾಗಿ ರಜೆ, ವಿಚಾರಿಸಿಕೊಂಡೇ ಹೋಗಿ. ಒಳಗಿನ ಮರದ ಕಂಬಗಳನ್ನು ನೋಡಿದ ಮೇಲೆ ಅಂಗಳದಲ್ಲಿ ಇಟ್ಟಿರುವ ಕಲ್ಲುಗಳ ಹತ್ತಿರ ಬನ್ನಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಾದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಎದುರು ಅವನು ಕೂತಿರುತ್ತಾನೆ.